ಮುಳ್ಳು ಹೇಳುವ ಸುಳ್ಳು: ಸಣ್ಣ ಬೋಟಿನ ಡೀಸೆಲ್ ಗೇಜಿನ ದೋಷ ಪತ್ತೆ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮೀನುಗಾರಿಕೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಬೋಟುಗಳು ದಡ ಸೇರಿ, ಮಳೆ ಮತ್ತು ಉಪ್ಪುಗಾಳಿಗೆ ಮೈಯೊಡ್ಡಿಕೊಂಡು ನಿಂತಿರುತ್ತವೆ. ಆಗಸ್ಟಿನಲ್ಲಿ ಮತ್ತೆ ಕಡಲಿಗಿಳಿದ ವಾರದೊಳಗೆ ಎರಡು ದೂರುಗಳು ಕೇಳಿಬರುವುದು ವಾಡಿಕೆ: ಡೀಸೆಲ್ ಗೇಜಿನ ಮುಳ್ಳು ಸರಿಯಾಗಿ ತೋರಿಸುತ್ತಿಲ್ಲ ಎಂಬುದು ಒಂದು, ಇಂಜಿನ್ ಮೊದಲಿಗಿಂತ ಹೆಚ್ಚು ಡೀಸೆಲ್ ಕುಡಿಯುತ್ತಿದೆ ಎಂಬುದು ಇನ್ನೊಂದು. ಬೋಟುಗಳ ವೈರಿಂಗ್ ಕೆಲಸ ಮಾಡುತ್ತ ಬಂದ ನನ್ನ ಅನುಭವದಲ್ಲಿ ಈ ಎರಡು ದೂರುಗಳ ಮೂಲ ಹೆಚ್ಚಿನ ಸಲ ಒಂದೇ ಆಗಿರುತ್ತದೆ. ಅದು ಇಂಜಿನ್ನಿನಲ್ಲಿ ಇರುವುದಿಲ್ಲ, ಅಳತೆಯಲ್ಲಿ ಇರುತ್ತದೆ.

ಗಂಗೊಳ್ಳಿಯ ಒಂದು 28 ಅಡಿಯ ಫೈಬರ್ ಬೋಟನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. 45 ಕಿಲೋವಾಟ್‌ನ ಡೀಸೆಲ್ ಇಂಜಿನ್, ಬೋಟಿನ ತಳದ ಆಕಾರಕ್ಕೆ ತಕ್ಕಂತೆ ಕೆಳಗೆ ಚೂಪಾಗಿ ಮಾಡಿಸಿದ 200 ಲೀಟರಿನ ಟ್ಯಾಂಕ್, 12 ವೋಲ್ಟಿನ ಬ್ಯಾಟರಿ. ಗೇಜಿನ ಮುಳ್ಳು ಕಾಲು ಭಾಗದಲ್ಲಿ ನಿಂತಿರುವಾಗಲೇ ಆ ಬೋಟು ಅಳಿವೆಯ ಹತ್ತಿರ ಡೀಸೆಲ್ ಮುಗಿದು ನಿಂತಿತ್ತು. ಬೇರೊಂದು ಬೋಟಿಗೆ ಹಗ್ಗ ಕಟ್ಟಿ ಅದನ್ನು ದಕ್ಕೆಗೆ ಎಳೆದು ತರಬೇಕಾಯಿತು. ನನ್ನನ್ನು ಕರೆಸುವ ಹೊತ್ತಿಗೆ ಗೇಜನ್ನು ಬದಲಾಯಿಸಿಯೂ ಆಗಿತ್ತು. "ಗೇಜ್ ಹೊಸತು ಮಾರಾಯ್ರೆ, ಮುಳ್ಳು ಮಾತ್ರ ಹಳೇ ಚಾಳಿ ಬಿಡಲಿಲ್ಲ" ಎಂದು ತಾಂಡೇಲರು (ಬೋಟು ನಡೆಸುವವರು) ನಕ್ಕರು. ಕಣ್ಣೆದುರಿಗೆ ಇರುವುದು ಗೇಜ್ ಆದ್ದರಿಂದ ಎಲ್ಲರೂ ಮೊದಲು ಅದನ್ನೇ ಬದಲಾಯಿಸುತ್ತಾರೆ. ಆದರೆ ಈ ಸರಪಳಿಯಲ್ಲಿ ಅಪರೂಪಕ್ಕೆ ಕೆಡುವ ಕೊಂಡಿಯೂ ಅದೇ. ಮೊದಲು ಅರ್ಥಿಂಗನ್ನು (ಬ್ಯಾಟರಿಯ ನೆಗೆಟಿವ್ ತುದಿಗೆ ಮರಳುವ ಸಂಪರ್ಕ), ಆಮೇಲೆ ಟ್ಯಾಂಕಿನೊಳಗಿದ್ದು ಡೀಸೆಲ್ ಮಟ್ಟವನ್ನು ಗೇಜಿಗೆ ತಿಳಿಸುವ ಸೆಂಡರನ್ನು, ನಂತರ ನಡುವಿನ ತಂತಿಯನ್ನು, ಎಲ್ಲಕ್ಕಿಂತ ಕೊನೆಗೆ ಗೇಜನ್ನು ಅನುಮಾನಿಸುವುದು ನಾನು ಇಟ್ಟುಕೊಂಡ ಕ್ರಮ.

ಮೊದಲು ಕೋಲು, ಆಮೇಲೆ ಮೀಟರ್

ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ಡೀಸೆಲ್ ಇದೆ ಎಂಬುದು ಗೊತ್ತಿಲ್ಲದೆ ಗೇಜ್ ಸುಳ್ಳು ಹೇಳುತ್ತಿದೆಯೆಂದು ತೀರ್ಮಾನಿಸುವಂತಿಲ್ಲ. ಆದ್ದರಿಂದ ಬೋಟು ದಕ್ಕೆಯಲ್ಲಿ ಅಲುಗದೆ ನಿಂತಿರುವಾಗ, ಒಣಗಿದ ಬಿದಿರಿನ ಸೀಳಿಗೆ ಸೀಮೆಸುಣ್ಣ ಉಜ್ಜಿ, ಟ್ಯಾಂಕಿನ ತಳ ಮುಟ್ಟುವವರೆಗೆ ನೇರವಾಗಿ ಇಳಿಸಿ ತೆಗೆಯಬೇಕು. ಡೀಸೆಲ್ ತಾಗಿದಷ್ಟು ಭಾಗದ ಸುಣ್ಣ ಕಪ್ಪಾಗಿ, ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಡೀಸೆಲ್ ತುಂಬುವ ಪೈಪು ಸಾಮಾನ್ಯವಾಗಿ ಬಾಗಿರುವುದರಿಂದ ಕೋಲು ಅಲ್ಲಿಂದ ತಳದವರೆಗೆ ಹೋಗುವುದಿಲ್ಲ. ಸೆಂಡರ್ ಬಿಚ್ಚಿದ ತೂತಿನಿಂದಲೋ ಟ್ಯಾಂಕಿನ ಮುಚ್ಚಳದಿಂದಲೋ ಇಳಿಸಬೇಕು. ಕೋಲಿನ ತುದಿಗೆ ನೀರು ಪತ್ತೆಹಚ್ಚುವ ಪೇಸ್ಟ್ ಸ್ವಲ್ಪ ಹಚ್ಚಿದರೆ ತಳದಲ್ಲಿ ನೀರು ನಿಂತಿದೆಯೇ ಎಂಬುದೂ ಅದೇ ಕೈಯಲ್ಲಿ ತಿಳಿಯುತ್ತದೆ. ಅರ್ಧ ಖಾಲಿಯಾದ ಟ್ಯಾಂಕ್ ಮಳೆಗಾಲವಿಡೀ ನಿಂತರೆ ಒಳಗಿನ ಗಾಳಿಯ ತೇವ ಹನಿಯಾಗಿ ಇಳಿದು ತಳ ಸೇರುತ್ತದೆ. ಸೆಂಡರಿನ ತೇಲುಬುಂಡೆಯಾದ ಫ್ಲೋಟ್ ಆ ನೀರಿನ ಮೇಲೂ ತೇಲುತ್ತದೆ, ಗೇಜ್ ಅದನ್ನೂ ಡೀಸೆಲ್ ಎಂದೇ ಲೆಕ್ಕ ಹಾಕುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಇತ್ಯರ್ಥ ಮಾಡಿಕೊಳ್ಳಬೇಕು. ಸೆಂಡರ್ ಅಳೆಯುವುದು ಡೀಸೆಲ್ಲಿನ ಎತ್ತರವನ್ನು ಮಾತ್ರ, ಪ್ರಮಾಣವನ್ನಲ್ಲ. ಚೌಕಾಕಾರದ ಟ್ಯಾಂಕಿನಲ್ಲಿ ಎತ್ತರವೂ ಪ್ರಮಾಣವೂ ಒಂದೇ ಹೆಜ್ಜೆಯಲ್ಲಿ ಇಳಿಯುತ್ತವೆ. ಕೆಳಗೆ ಪೂರ್ತಿ ಚೂಪಾಗಿರುವ ಟ್ಯಾಂಕಿನಲ್ಲಿ ಪ್ರಮಾಣವು ಎತ್ತರದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅರ್ಧ ಎತ್ತರದಲ್ಲಿ ಉಳಿಯುವುದು ಅರ್ಧವಲ್ಲ, ಕಾಲು. ನಮ್ಮ 200 ಲೀಟರಿನ ಟ್ಯಾಂಕಿನಲ್ಲಿ ಮುಳ್ಳು ಅರ್ಧಕ್ಕೆ ಬರುವಷ್ಟರಲ್ಲಿ 150 ಲೀಟರ್ ಖರ್ಚಾಗಿ, 50 ಲೀಟರ್ ಮಾತ್ರ ಉಳಿದಿರುತ್ತದೆ. "ಮೇಲಿನರ್ಧ ಮೂರು ದಿನ ಬಂತು, ಕೆಳಗಿನರ್ಧ ಒಂದೇ ದಿನದಲ್ಲಿ ಹೋಯಿತು" ಎಂಬ ದೂರಿಗೆ ಕಾರಣ ಈ ಲೆಕ್ಕವೇ. ಅಲ್ಲಿ ರಿಪೇರಿ ಮಾಡುವಂಥದ್ದು ಏನೂ ಇಲ್ಲ. ಇದರ ಮೇಲೆ, ತಳದ ಕೆಸರನ್ನೂ ನೀರನ್ನೂ ಎಳೆಯದಿರಲೆಂದು ಡೀಸೆಲ್ ಹೀರುವ ಪೈಪನ್ನು ತಳಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿರುತ್ತಾರೆ. ಈ ಬೋಟಿನಲ್ಲಿ ಅದರ ಕೆಳಗೆ ಉಳಿಯುತ್ತಿದ್ದ 6 ಲೀಟರ್ ಎಂದಿಗೂ ಇಂಜಿನ್ನಿಗೆ ಸಿಗುವಂತಿರಲಿಲ್ಲ.

ಸೆಂಡರ್ ಯಾವ ಜಾತಿಯದು?

ಸೆಂಡರ್ ಎಂದರೆ ಫ್ಲೋಟಿನ ಏರಿಳಿತದೊಂದಿಗೆ ವಿದ್ಯುತ್ ರೋಧವನ್ನು ಬದಲಾಯಿಸುವ ಸಾಧನ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯವು ಸಿಗುತ್ತವೆ. ಅಮೆರಿಕನ್ ಕ್ರಮದ ಸೆಂಡರ್ ಟ್ಯಾಂಕ್ ಖಾಲಿಯಿದ್ದಾಗ 240 ಓಮ್, ಅರ್ಧಕ್ಕೆ ಸುಮಾರು 103, ತುಂಬಿದಾಗ 33 ಓಮ್ ತೋರಿಸುತ್ತದೆ. ಯುರೋಪಿಯನ್ ಕ್ರಮದ್ದು ಇದಕ್ಕೆ ತಿರುಗುಮುರುಗು: ಖಾಲಿಗೆ 10 ಓಮ್, ತುಂಬಿದ್ದಕ್ಕೆ 180 ಓಮ್. ಒಂದು ಕ್ರಮದ ಸೆಂಡರಿಗೆ ಇನ್ನೊಂದು ಕ್ರಮದ ಗೇಜ್ ಜೋಡಿಸಿದರೆ ಮುಳ್ಳು ಡೀಸೆಲ್ ತುಂಬಿದಂತೆಲ್ಲ ಇಳಿಯುತ್ತದೆ, ಖರ್ಚಾದಂತೆಲ್ಲ ಏರುತ್ತದೆ. ಗೇಜ್ ಬದಲಾಯಿಸಿದ ಮರುದಿನವೇ ಶುರುವಾದ ದೋಷವಾದರೆ ಎರಡರ ಅಂಕಿಗಳೂ ಹೊಂದುತ್ತವೆಯೇ ಎಂದು ಮೊದಲು ನೋಡಬೇಕು. ಗೇಜಿನ ಹಿಂಬದಿಯಲ್ಲಿ ಈ ಅಂಕಿಗಳನ್ನು ಅನೇಕ ಕಂಪನಿಗಳು ಮುದ್ರಿಸಿರುತ್ತವೆ.

ಈ ಭೇದ ಗೊತ್ತಿರುವುದು ಕೇವಲ ಜೋಡಣೆಯ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು. ಅರ್ಥಿಂಗ್ ತಂತಿಯ ತುದಿಯಲ್ಲಿ ಕಿಲುಬು ಕಟ್ಟಿದರೆ ಅದರ ರೋಧವೂ ಸೆಂಡರಿನ ರೋಧಕ್ಕೆ ಸೇರಿಕೊಂಡು ಗೇಜಿಗೆ ತಲುಪುತ್ತದೆ. ಅಮೆರಿಕನ್ ಕ್ರಮದಲ್ಲಿ ಹೆಚ್ಚಿದ ರೋಧವೆಂದರೆ ಕಡಿಮೆ ಡೀಸೆಲ್. ಆದ್ದರಿಂದ ಕಿಲುಬು ಕಟ್ಟಿದ ಗೇಜ್ ಇರುವುದಕ್ಕಿಂತ ಕಡಿಮೆ ತೋರಿಸಿ, ತಾಂಡೇಲನನ್ನು ವೃಥಾ ಹೆದರಿಸಿ ಬೇಗ ದಡಕ್ಕೆ ಕಳಿಸುತ್ತದೆ. ಯುರೋಪಿಯನ್ ಕ್ರಮದಲ್ಲಿ ಹೆಚ್ಚಿದ ರೋಧವೆಂದರೆ ಹೆಚ್ಚು ಡೀಸೆಲ್. ಇಲ್ಲಿ ಅದೇ ಕಿಲುಬು ಖಾಲಿ ಟ್ಯಾಂಕನ್ನು ಖಾಲಿಯೆಂದು ತೋರಿಸಲು ಬಿಡುವುದಿಲ್ಲ.

ಗಂಗೊಳ್ಳಿಯ ಬೋಟಿನಲ್ಲಿ ಇದ್ದದ್ದು ಎರಡನೆಯ ಬಗೆ. ಸೆಂಡರಿನ ತಲೆಯ ಮೇಲಿನ ಅರ್ಥಿಂಗ್ ಸ್ಕ್ರೂ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಬಿಚ್ಚಿ ನೋಡಿದಾಗ ತಂತಿಯ ತುದಿಯ ಲೋಹದ ಬಳೆಯಾದ ಲಗ್ಗಿನ ಅಡಿಯಲ್ಲಿ ಹಸಿರು ಹುಡಿ. ತಂತಿಯ ಹೊದಿಕೆಯನ್ನು ಎರಡು ಇಂಚು ಸೀಳಿದರೆ ಒಳಗಿನ ತಾಮ್ರದ ಎಳೆಗಳು ಕಪ್ಪಾಗಿ, ಉಗುರಿನಿಂದ ಕೆರೆದರೆ ಪುಡಿಯಾಗುತ್ತಿದ್ದವು. ಸೆಂಡರಿನ ತಲೆಯಿಂದ ಬ್ಯಾಟರಿಯ ನೆಗೆಟಿವ್ ತುದಿಯವರೆಗೆ ಒಂದು ಓಮ್‌ಗಿಂತ ಕಡಿಮೆ ಇರಬೇಕಾದಲ್ಲಿ ಮಲ್ಟಿಮೀಟರ್ 41 ಓಮ್ ತೋರಿಸಿತು. ಖಾಲಿ ಟ್ಯಾಂಕಿನ 10 ಓಮ್‌ಗೆ ಇದನ್ನು ಕೂಡಿಸಿದರೆ 51. 10ರಿಂದ 180ರವರೆಗಿನ ಅಳತೆಯಲ್ಲಿ 51 ಎಂದರೆ ಸರಿಸುಮಾರು ಕಾಲು ಭಾಗ. ಬೋಟು ನಿಂತಾಗ ಮುಳ್ಳು ಇದ್ದದ್ದು ಅಲ್ಲಿಯೇ.

ಪರೀಕ್ಷೆಯ ಕ್ರಮ

ಕೆಳಗೆ ಹೇಳುವ ಕ್ರಮ ಡೀಸೆಲ್ ಟ್ಯಾಂಕಿಗೆ ಅನ್ವಯಿಸುವಂಥದ್ದು. ಪೆಟ್ರೋಲ್ ಟ್ಯಾಂಕಿನ ಬಳಿ ತಂತಿಯನ್ನು ತಾಗಿಸಿ ಕಿಡಿ ಹಾರಿಸುವ ಯಾವ ಪರೀಕ್ಷೆಯನ್ನೂ ಮಾಡಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾಗಿದ್ದು ಬೋಟಿನ ತಳದಲ್ಲಿಯೇ ಕೂರುತ್ತದೆ. ಅಲ್ಲಿ ಪರೀಕ್ಷೆಯೇನಿದ್ದರೂ ತಳವನ್ನು ಚೆನ್ನಾಗಿ ಗಾಳಿಯಾಡಿಸಿದ ಮೇಲೆ, ಟ್ಯಾಂಕಿನಿಂದ ದೂರ, ಗೇಜಿನ ಹಿಂಬದಿಯಲ್ಲಿ ಮಾತ್ರ.

ಮೊದಲು ಕೀ ಆನ್ ಮಾಡಿ ಗೇಜಿನ ಹಿಂದೆ ವಿದ್ಯುತ್ ಬರುತ್ತಿದೆಯೇ, ಗೇಜಿನ ಸ್ವಂತ ಅರ್ಥಿಂಗ್ ಗಟ್ಟಿಯಿದೆಯೇ ಎಂದು ಮಲ್ಟಿಮೀಟರಿನಿಂದ ನೋಡಬೇಕು. ಬ್ಯಾಟರಿಯ ವೋಲ್ಟೇಜಿಗೂ ಇಲ್ಲಿ ಸಿಗುವ ವೋಲ್ಟೇಜಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ಫ್ಯೂಸ್ ಹೋಲ್ಡರ್ ಮತ್ತು ಸ್ವಿಚ್ಚಿನ ಸಂಪರ್ಕಗಳನ್ನು ಶುಚಿಗೊಳಿಸದೆ ಮುಂದೆ ಹೋಗುವುದು ವ್ಯರ್ಥ. ನಂತರ ಸೆಂಡರಿನ ತಲೆಯಿಂದ ಗೇಜಿನ ತಂತಿಯನ್ನು ಬಿಚ್ಚಿ ಗಾಳಿಯಲ್ಲಿ ಹಿಡಿಯಬೇಕು: ಅಮೆರಿಕನ್ ಕ್ರಮದ ಗೇಜಿನ ಮುಳ್ಳು ಖಾಲಿಗೆ ಬೀಳುತ್ತದೆ, ಯುರೋಪಿಯನ್ ಕ್ರಮದ್ದು ತುಂಬಿದ ಗುರುತನ್ನು ದಾಟಿ ಹೋಗುತ್ತದೆ. ಅದೇ ತಂತಿಯನ್ನು ಒಂದೆರಡು ಸೆಕೆಂಡು ಅರ್ಥಿಂಗಿಗೆ ತಾಗಿಸಿದರೆ ಮುಳ್ಳು ಎದುರು ತುದಿಗೆ ಓಡಬೇಕು. ಹೀಗೆ ಎರಡೂ ತುದಿಗಳಿಗೆ ಮುಳ್ಳು ಚುರುಕಾಗಿ ಹೋದರೆ ಗೇಜೂ ತಂತಿಯೂ ನಿರ್ದೋಷಿಗಳು. ದೋಷ ಸೆಂಡರಿನಲ್ಲೋ ಅದರ ಅರ್ಥಿಂಗಿನಲ್ಲೋ ಇದೆ. ಸೆಂಡರಿನ ಬಳಿ ಮಾಡಿದಾಗ ಅಲುಗದ ಮುಳ್ಳು, ಅದೇ ಪರೀಕ್ಷೆಯನ್ನು ಗೇಜಿನ ಹಿಂಬದಿಯ ಸೆಂಡರ್ ತುದಿಯಲ್ಲಿ ಮಾಡಿದಾಗ ಅಲುಗಿದರೆ ನಡುವಿನ ತಂತಿ ತುಂಡಾಗಿದೆ. ಎರಡೂ ಕಡೆ ಅಲುಗದಿದ್ದರೆ ಮಾತ್ರ ಗೇಜ್ ಬದಲಾಯಿಸುವ ಮಾತು. ಅಮೆರಿಕನ್ ಪದ್ಧತಿಯ ವೈರಿಂಗಿನಲ್ಲಿ ಸೆಂಡರ್ ತಂತಿ ಗುಲಾಬಿ ಬಣ್ಣದ್ದಾಗಿರುತ್ತದೆ. ನಮ್ಮ ದಕ್ಕೆಗಳಲ್ಲಿ ಅಂದು ಅಂಗಡಿಯಲ್ಲಿ ಸಿಕ್ಕ ಬಣ್ಣವೇ ನಿಯಮವಾಗಿರುವುದರಿಂದ ಬಣ್ಣವನ್ನು ನಂಬದೆ ತಂತಿಯ ಜಾಡು ಹಿಡಿದು ಹೋಗುವುದೇ ಕ್ಷೇಮ.

ಸೆಂಡರಿನ ರೋಧವನ್ನು ಅಳೆಯುವಾಗ ಗೇಜಿನ ತಂತಿ ಬಿಚ್ಚಿಯೇ ಇರಬೇಕು. ಇಲ್ಲದಿದ್ದರೆ ಗೇಜಿನೊಳಗಿನ ಸುರುಳಿಗಳೂ ಲೆಕ್ಕಕ್ಕೆ ಸೇರಿ ತಪ್ಪು ಅಂಕಿ ಬರುತ್ತದೆ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಲು ಮರೆಯಬಾರದು. ಸೆಂಡರನ್ನು ಟ್ಯಾಂಕಿನಿಂದ ಹೊರತೆಗೆದು ಫ್ಲೋಟಿನ ತೋಳನ್ನು ಕೈಯಿಂದ ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ಎತ್ತಿದರೆ ಅಂಕಿ ನೆಗೆತವಿಲ್ಲದೆ ಬದಲಾಗಬೇಕು. ಒಂದು ಜಾಗದಲ್ಲಿ ಮೀಟರ್ ಥಟ್ಟನೆ ಅನಂತಕ್ಕೆ ಹೋಗಿ ಮರಳಿದರೆ ಒಳಗಿನ ಸುರುಳಿಯ ಮೇಲೆ ಜಾರುವ ಸಂಪರ್ಕ ಅಲ್ಲಿ ಸವೆದಿದೆ ಎಂದರ್ಥ. ಟ್ಯಾಂಕನ್ನು ಯಾವಾಗಲೂ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವ ಬೋಟುಗಳಲ್ಲಿ ಅಲೆಯ ಕುಲುಕಾಟಕ್ಕೆ ಫ್ಲೋಟ್ ವರ್ಷಗಟ್ಟಲೆ ಅದೇ ಜಾಗದಲ್ಲಿ ಆಡುತ್ತ ಸುರುಳಿಯನ್ನು ತೇಯುತ್ತದೆ. ಟೊಳ್ಳು ಹಿತ್ತಾಳೆಯ ಫ್ಲೋಟ್ ಆಗಿದ್ದರೆ ಕಿವಿಯ ಬಳಿ ಹಿಡಿದು ಅಲುಗಾಡಿಸಬೇಕು; ಒಳಗೆ ಡೀಸೆಲ್ ಕುಲುಕಿದ ಸದ್ದು ಬಂದರೆ ಅದು ತೂತಾಗಿ ಮುಳುಗಿದೆ, ಗೇಜ್ ಸದಾ ಖಾಲಿ ತೋರಿಸುವುದಕ್ಕೆ ಅದೇ ಕಾರಣ. ತೋಳು ಟ್ಯಾಂಕಿನೊಳಗಿನ ಅಡ್ಡಗೋಡೆಗೋ ಹೀರುವ ಪೈಪಿಗೋ ತಾಗಿ ಸಿಕ್ಕಿಕೊಂಡರೆ ಮುಳ್ಳು ಒಂದೇ ಮಟ್ಟದಲ್ಲಿ ಸೆಟೆದು ನಿಲ್ಲುತ್ತದೆ. ತೋಳಿಲ್ಲದೆ ನೆಟ್ಟಗಿನ ಕೊಳವೆಯ ಮೇಲೆ ಫ್ಲೋಟ್ ಜಾರುವ ಬಗೆಯ ಸೆಂಡರಿನಲ್ಲಿ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದು ಸಹಜ. ಅದನ್ನು ದೋಷವೆಂದು ಭಾವಿಸಬಾರದು.

ಬೋಟಿನ ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಚಾಲೂ ಆದಾಗ ಅಥವಾ ದೀಪ ಹಚ್ಚಿದಾಗ ಮುಳ್ಳು ಹಾರಿದರೆ ಆ ಉಪಕರಣವೂ ಗೇಜೂ ಒಂದೇ ಸಣ್ಣ ಅರ್ಥಿಂಗ್ ತಂತಿಯನ್ನು ಹಂಚಿಕೊಂಡಿವೆ. 4 ಆಂಪಿಯರ್ ಎಳೆಯುವ ಪಂಪಿಗೆ ಅರ್ಧ ಓಮ್‌ನ ಮೂರನೇ ಒಂದು ಪಾಲು ರೋಧ ಇದ್ದರೂ ಸುಮಾರು 0.7 ವೋಲ್ಟ್ ಅಲ್ಲಿ ನಿಂತುಬಿಡುತ್ತದೆ, ಮುಳ್ಳನ್ನು ಹಾರಿಸಲು ಅಷ್ಟು ಸಾಕು. ಸೆಂಡರಿಗೆ ಪ್ರತ್ಯೇಕವಾದ, ತವರದ ಲೇಪವಿರುವ ತಾಮ್ರದ ತಂತಿಯನ್ನು ನೇರವಾಗಿ ನೆಗೆಟಿವ್ ಬಸ್‌ಬಾರಿಗೆ (ನೆಗೆಟಿವ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿಗೆ) ಎಳೆಯುವುದೇ ಇದಕ್ಕೆ ಪರಿಹಾರ. ಗಂಗೊಳ್ಳಿಯ ಬೋಟಿಗೂ ಹಾಗೆಯೇ ಮಾಡಿ, ಲಗ್ಗನ್ನು ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಕೊಳವೆಯನ್ನು ಬಿಸಿಮಾಡಿ ಕೂರಿಸಿದ ಮೇಲೆ 41 ಇದ್ದದ್ದು 0.3 ಓಮ್‌ಗೆ ಇಳಿಯಿತು.

ಇಂಜಿನ್ ನಿಜವಾಗಿಯೂ ಹೆಚ್ಚು ಕುಡಿಯುತ್ತಿದೆಯೇ?

ಇದಕ್ಕೆ ಉತ್ತರ ಹೇಳುವ ಮೊದಲು ಒಂದು ಸರಳ ಲೆಕ್ಕ ಮಾಡುವುದು ಒಳ್ಳೆಯದು. ಒಂದು ಲೀಟರ್ ಡೀಸೆಲ್ ಸುಮಾರು 0.84 ಕಿಲೋ ತೂಗುತ್ತದೆ. ಆರೋಗ್ಯವಾಗಿರುವ ಸಣ್ಣ ಡೀಸೆಲ್ ಇಂಜಿನ್ ಒಂದು ಕಿಲೋವಾಟ್ ಶಕ್ತಿಯನ್ನು ಒಂದು ಗಂಟೆ ಕೊಡಲು ಹೆಚ್ಚುಕಡಿಮೆ 230 ಗ್ರಾಂ ಉರಿಸುತ್ತದೆ. ಅಂದರೆ ಲೀಟರಿಗೆ ಮೂರೂವರೆ ಕಿಲೋವಾಟ್-ಗಂಟೆಗಿಂತ ಸ್ವಲ್ಪ ಹೆಚ್ಚು. ಈ ಲೆಕ್ಕದಲ್ಲಿ 45 ಕಿಲೋವಾಟಿನ ಇಂಜಿನ್ ಪೂರ್ತಿ ಶಕ್ತಿಯಲ್ಲಿ ದುಡಿದರೂ ಗಂಟೆಗೆ 12–13 ಲೀಟರಿಗಿಂತ ಹೆಚ್ಚು ಉರಿಸಲಾರದು. ಯಾರಾದರೂ 20 ಲೀಟರ್ ಎಂದರೆ ಒಂದೋ ಅಳತೆ ತಪ್ಪಿದೆ, ಇಲ್ಲವೇ ಡೀಸೆಲ್ ಉರಿಯದೆ ಎಲ್ಲಿಗೋ ಸೋರುತ್ತಿದೆ. ಸೋರಿಕೆಯಲ್ಲಿ ಅಪಾಯಕಾರಿಯಾದದ್ದು ಕಣ್ಣಿಗೆ ಕಾಣದ್ದು: ಇಂಜಿನ್ನಿನ ಫೀಡ್ ಪಂಪಿನ ಪೊರೆ ಹರಿದರೆ ಡೀಸೆಲ್ ಇಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರಿದ್ದು, ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಇಂಜಿನ್ನನ್ನು ಆ ಕ್ಷಣವೇ ನಿಲ್ಲಿಸಬೇಕು.

ಖರ್ಚನ್ನು ಅಳೆಯಲು ಇಂದಿಗೂ ನಂಬಬಹುದಾದ ವಿಧಾನವೆಂದರೆ ಕಂಠಮಟ್ಟ ತುಂಬಿಸಿ, ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ ಲೀಟರನ್ನು ಇಂಜಿನ್ ಗಂಟೆಯಿಂದ ಭಾಗಿಸುವುದು. ಎರಡೂ ಸಲ ಬೋಟು ಅದೇ ಜಾಗದಲ್ಲಿ, ಅದೇ ಭಾರದಲ್ಲಿ ನಿಂತಿರಬೇಕು. ಒಮ್ಮೆ ಐಸ್ ತುಂಬಿ, ಒಮ್ಮೆ ಖಾಲಿ ನಿಂತರೆ ಬೋಟಿನ ಓರೆಯೇ ಐದಾರು ಲೀಟರ್ ಹಿಂದುಮುಂದು ಮಾಡುತ್ತದೆ. ಜೊತೆಗೆ ಇಂಜಿನ್ನಿನ ಆರ್‌ಪಿಎಂ ಬರೆದಿಡಬೇಕು. ಪ್ರೊಪೆಲ್ಲರ್ ಎಳೆಯುವ ಶಕ್ತಿ ಆರ್‌ಪಿಎಮ್ಮಿನ ಘನಕ್ಕೆ ಅನುಗುಣವಾಗಿರುವುದರಿಂದ ಶೇ. 10ರಷ್ಟು ಆರ್‌ಪಿಎಂ ಇಳಿಸಿದರೆ ಬೇಕಾಗುವ ಶಕ್ತಿ ಶೇ. 27ರಷ್ಟು ಇಳಿಯುತ್ತದೆ. ಕಳೆದ ವರ್ಷಕ್ಕಿಂತ ಖರ್ಚು ಹೆಚ್ಚಿದೆ ಎಂಬ ಮಾತಿನ ಹಿಂದೆ ಹೊಸ ತಾಂಡೇಲನ ಅವಸರವೋ ತಳಕ್ಕೆ ಅಂಟಿದ ಚಿಪ್ಪುಗಳೋ ಇರುವುದೇ ಹೆಚ್ಚು.

ಈ ಬೋಟಿಗೆ ಮಾಲೀಕರು ಪೈಪಿನಲ್ಲಿ ಹರಿಯುವ ಡೀಸೆಲ್ ಅಳೆಯುವ ಫ್ಲೋ ಮೀಟರನ್ನೂ ಹಾಕಿಸಿದ್ದರು, ಅದರ ಲೆಕ್ಕವೂ ಕೂಡಿಬರುತ್ತಿರಲಿಲ್ಲ. 12 ಗಂಟೆ ಓಡಿದ ಮೇಲೆ ಟ್ಯಾಂಕಿಗೆ 120 ಲೀಟರ್ ಹಿಡಿಯಿತು, ಮೀಟರ್ ಮಾತ್ರ 110 ಎಂದಿತು. ಹತ್ತು ಲೀಟರ್ ಯಾರ ಪಾಲಾಯಿತು ಎಂದು ದಕ್ಕೆಯಲ್ಲಿ ಪಿಸುಮಾತು ಶುರುವಾಗಲು ಇಷ್ಟು ಸಾಕಿತ್ತು. ಆದರೆ ಡೀಸೆಲ್ ಇಂಜಿನ್ ತಾನು ಉರಿಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಡೀಸೆಲ್ ಎಳೆದು, ಉಳಿದದ್ದನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳಿಸುತ್ತದೆ. ಆದ್ದರಿಂದ ಹೋಗುವ ದಾರಿಗೊಂದು, ಬರುವ ದಾರಿಗೊಂದು ಸೆನ್ಸರ್ ಇಟ್ಟು ವ್ಯತ್ಯಾಸ ತೆಗೆಯುತ್ತಾರೆ. ಈ ಇಂಜಿನ್ನಿಗೆ ಗಂಟೆಗೆ 60 ಲೀಟರ್ ಹೋಗಿ 50 ಲೀಟರ್ ಮರಳುತ್ತಿತ್ತು. ಮರಳುವ ಡೀಸೆಲ್ ಇಂಜಿನ್ನಿನ ಬಿಸಿಯನ್ನು ಹೊತ್ತು ತರುತ್ತದೆ. ಡೀಸೆಲ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.083ರಷ್ಟು ಹಿಗ್ಗುವುದರಿಂದ, 20 ಡಿಗ್ರಿ ಹೆಚ್ಚು ಬಿಸಿಯಾದ ಆ 50 ಲೀಟರ್ 50.8 ಆಗಿ ಮೀಟರನ್ನು ದಾಟುತ್ತದೆ. ಅರುವತ್ತರಲ್ಲಿ ಅದನ್ನು ಕಳೆದರೆ ಉಳಿಯುವುದು ಹತ್ತಲ್ಲ, 9.2. ಹನ್ನೆರಡು ಗಂಟೆಗೆ ಗುಣಿಸಿದರೆ ಕಾಣೆಯಾದ ಹತ್ತು ಲೀಟರ್ ಅಲ್ಲಿಯೇ ಸಿಗುತ್ತದೆ. ತಾಪಮಾನ ಸರಿಪಡಿಸುವ ಸೌಲಭ್ಯ ಮೀಟರಿನಲ್ಲಿ ಇಲ್ಲದಿದ್ದರೆ, ನಾಲ್ಕಾರು ಸಲ ತುಂಬಿಸಿದ ಲೀಟರನ್ನು ಮೀಟರಿನ ಲೀಟರಿನಿಂದ ಭಾಗಿಸಿ ಬರುವ ಸಂಖ್ಯೆಯನ್ನು ಸೆಟ್ಟಿಂಗಿನಲ್ಲಿ ತುಂಬಬೇಕು, ನಾವು 1.09 ಇಟ್ಟೆವು.

ಫ್ಲೋ ಸೆನ್ಸರಿನ ಉಳಿದ ತೊಂದರೆಗಳು ಬೇಗ ಹೇಳಿ ಮುಗಿಸುವಂಥವು. ಪೈಪಿನಲ್ಲಿ ಗಾಳಿಗುಳ್ಳೆಗಳಿದ್ದರೆ ಒಳಗಿನ ಚಕ್ರ ಅತಿಯಾಗಿ ತಿರುಗಿ ಹೆಚ್ಚು ಎಣಿಸುತ್ತದೆ, ಕಸ ಸಿಕ್ಕಿದರೆ ಕಡಿಮೆ. ಅದಕ್ಕಾಗಿಯೇ ಅದನ್ನು ಮೊದಲ ಫಿಲ್ಟರಿನ ನಂತರ ಕೂರಿಸಬೇಕು. ಯಾಂತ್ರಿಕ ಫೀಡ್ ಪಂಪ್ ಡೀಸೆಲ್ಲನ್ನು ಬಡಿತ ಬಡಿತವಾಗಿ ಎಳೆಯುವುದರಿಂದ ಚಕ್ರ ಹಿಂದೆಮುಂದೆ ಆಡಿ ಸುಳ್ಳು ಎಣಿಕೆ ಬಂದೀತು. ಅಂಥಲ್ಲಿ ನಡುವೆ ಸ್ವಲ್ಪ ಉದ್ದದ ರಬ್ಬರ್ ಪೈಪ್ ಇಟ್ಟರೆ ಬಡಿತ ತಗ್ಗುತ್ತದೆ. ಐಡಲಿನಲ್ಲಿ ಸೊನ್ನೆ ತೋರಿಸಿದರೆ ಹರಿವು ಆ ಸೆನ್ಸರಿನ ಕನಿಷ್ಠ ಮಿತಿಗಿಂತ ಕೆಳಗಿದೆ ಎಂದಷ್ಟೇ.

ಬೋಟಿನ ಉಪಕರಣಗಳನ್ನು ಒಂದಕ್ಕೊಂದು ಬೆಸೆಯುವ ಎನ್‌ಎಂಇಎ 2000 ಜಾಲಕ್ಕೆ ಜೋಡಿಸಿದ ಡಿಜಿಟಲ್ ಪರದೆಯಲ್ಲಿ ಮಟ್ಟ ಎರಡು ಅಂಕಿಗಳ ನಡುವೆ ಜಿಗಿಯುತ್ತಿದ್ದರೆ ಎರಡು ಟ್ಯಾಂಕುಗಳ ಸೆಂಡರುಗಳಿಗೆ ಒಂದೇ ಕ್ರಮಸಂಖ್ಯೆ ಕೊಟ್ಟಿರುತ್ತಾರೆ. ಒಂದಕ್ಕೆ 0, ಇನ್ನೊಂದಕ್ಕೆ 1 ಎಂದು ಬದಲಾಯಿಸಬೇಕು. ಅಂಕಿಯೇ ಬಾರದೆ ಗೆರೆಗಳಷ್ಟೇ ಕಂಡರೆ ವಿದ್ಯುತ್ ಆರಿಸಿ, ಎರಡು ಸಂಕೇತ ತಂತಿಗಳ ನಡುವಿನ ರೋಧ ಅಳೆಯಬೇಕು. ಎರಡೂ ತುದಿಗಳ 120 ಓಮ್ ಟರ್ಮಿನೇಟರುಗಳು ಇದ್ದರೆ 60 ಬರುತ್ತದೆ, 120 ಬಂದರೆ ಒಂದು ತುದಿ ಕಳಚಿದೆ. ಪೆಟ್ರೋಲ್ ಔಟ್‌ಬೋರ್ಡಿನ ಟ್ಯಾಂಕಿನಲ್ಲಿ ಫ್ಲೋಟಿಲ್ಲದೆ ಇಂಧನದ ವಿದ್ಯುತ್ ಗುಣದಿಂದ ಮಟ್ಟ ಅಳೆಯುವ ಕೆಪಾಸಿಟಿವ್ ಸೆಂಡರ್ ಇದ್ದರೆ ಎಥನಾಲ್ ಬೆರೆತ ಪೆಟ್ರೋಲ್ ಅದಕ್ಕೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತುಂಬುವ ಪೆಟ್ರೋಲಿನಿಂದಲೇ ಅದನ್ನು ಹೊಸದಾಗಿ ಹೊಂದಿಸಬೇಕು. ಸೆಂಡರೇ ಇಲ್ಲದ ಕೈಟ್ಯಾಂಕಿನ ನಾಡದೋಣಿಯವರಿಗೆ ಮೀನು ತೂಗುವ ಕೊಕ್ಕೆ ತಕ್ಕಡಿಗಿಂತ ಒಳ್ಳೆಯ ಗೇಜ್ ಇಲ್ಲ: ಖಾಲಿ ಟ್ಯಾಂಕಿನ ತೂಕ ಕಳೆದು, ಸೀಮೆಎಣ್ಣೆಯಾದರೆ 0.8ರಿಂದ, ಪೆಟ್ರೋಲ್ ಆದರೆ 0.74ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ.

ಮರಳಿ ಕೂರಿಸುವುದು

ಸೆಂಡರನ್ನು ಟ್ಯಾಂಕಿಗೆ ಬಿಗಿಯುವ ಚಕ್ಕೆಯಲ್ಲಿರುವ ಐದು ತೂತುಗಳು ಸಮ ಅಂತರದಲ್ಲಿ ಇರುವುದಿಲ್ಲ. ಅದು ಒಂದೇ ದಿಕ್ಕಿನಲ್ಲಿ ಕೂರಲೆಂದು ಹಾಗೆ ಮಾಡಿರುತ್ತಾರೆ. ಒಂದು ಸ್ಕ್ರೂ ಕೂರದಿದ್ದರೆ ಒತ್ತಾಯ ಮಾಡದೆ ಚಕ್ಕೆಯನ್ನು ತಿರುಗಿಸಬೇಕು. ಗ್ಯಾಸ್ಕೆಟ್ ಡೀಸೆಲ್ ತಡೆಯುವ ನೈಟ್ರೈಲ್ ರಬ್ಬರಿನದಾಗಿರಲಿ. ಬೈಕ್ ಟ್ಯೂಬ್ ಕತ್ತರಿಸಿ ಹಾಕಿದ ಕಡೆಗಳಲ್ಲೆಲ್ಲ ಅದು ಉಬ್ಬಿ ಸೋರಿದ್ದನ್ನು ನೋಡಿದ್ದೇನೆ. ಆ ದಿನ ಪೂರ್ತಿ ಖಾಲಿ ಮಾಡಿದ ಟ್ಯಾಂಕಿಗೆ 10 ಲೀಟರಿನ ಕ್ಯಾನಿನಲ್ಲಿ ಇಪ್ಪತ್ತು ಸಲ ಡೀಸೆಲ್ ಹೊಯ್ದು, ಪ್ರತಿ ಸಲವೂ ಮುಳ್ಳು ಎಲ್ಲಿ ನಿಂತಿತೆಂದು ಗುರುತಿಸಿಕೊಂಡೆವು. ಮೊದಲ ಕ್ಯಾನಿಗೆ ಮುಳ್ಳು ಎದ್ದು ನಿಂತಿತು, ಕೊನೆಯ ಕ್ಯಾನುಗಳಿಗೆ ಕೂದಲೆಳೆಯಷ್ಟು ಸರಿಯಿತು. ಗೇಜಿನ ಪಕ್ಕದ ಹಲಗೆಯ ಮೇಲೆ ತಾಂಡೇಲರು ತಾವೇ ಬಣ್ಣದಲ್ಲಿ ಬರೆದರು: ಅರ್ಧ ಅಂದರೆ 50.